ಪಟ್ಟಿ ಮೆತ್ತಗಿದ್ದರೆ ಸಾಲದು

ಟೈಲರ್ ಅಕ್ಕನ ಹೊಲಿಗೆಗೆ ಬೀದಿಯಲ್ಲೆಲ್ಲ ಹೆಸರು. ಆ ಜಾಣತನವನ್ನು ಅವಳು ತಮ್ಮನ ಮೇಲೂ ತೋರಿಸಿದ್ದೇ ತಪ್ಪಾಯಿತು.

ತಮ್ಮನಿಗೆ ಮನಸ್ಸಿನ ಕಾಯಿಲೆ. ಮಾತ್ರೆ ಬಿಟ್ಟು ತಿಂಗಳಾಗಿತ್ತು. ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಬಾಗಿಲು ಒದೆಯುತ್ತಿದ್ದ, ರಸ್ತೆಗೆ ಓಡುತ್ತಿದ್ದ. ಹಗ್ಗವಾದರೆ ಚರ್ಮ ತರಚೀತು ಎಂದು ಅಕ್ಕ ದಪ್ಪ ಬಟ್ಟೆಯ ಪಟ್ಟಿ ಹೊಲಿದಳು. ಒಳಗೆ ಹತ್ತಿ ತುಂಬಿದಳು. ಒಂದು ಬೆಳಿಗ್ಗೆ ಅವನ ಕೈಗಳನ್ನು ಮಂಚಕ್ಕೆ ಬಿಗಿದು ಹೊರಗಿನ ಕೋಣೆಯಲ್ಲಿ ಹೊಲಿಯಲು ಕೂತಳು.

ಮಧ್ಯಾಹ್ನ ಊಟ ಕೊಡಲು ಹೋದರೆ ಬಲಗೈ ಬೆರಳುಗಳು ಊದಿ ನೀಲಿಗಟ್ಟಿದ್ದವು. ಅಕ್ಕ ಪಟ್ಟಿ ಕತ್ತರಿಸಿ, ಎದುರುಮನೆಯ ನರ್ಸಮ್ಮನನ್ನು ಕೂಗಿದಳು. ನರ್ಸಮ್ಮನ ಕೆಲಸ ಮಾನಸಿಕ ಆಸ್ಪತ್ರೆಯಲ್ಲೇ.

"ಈಗ್ಲೇ ನಮ್ಮ ಆಸ್ಪತ್ರೆಗೆ ಹೊರಡು. ಇನ್ನೂ ತಡ ಮಾಡಿದ್ರೆ ಕೈಗೇ ಕುತ್ತು."

"ಅಲ್ಲಿ ಪ್ರಾಣಿ ಥರ ಕಟ್ಟಿಹಾಕ್ತಾರಂತೆ ಕಣೇ!"

"ಇಲ್ಲಿ ನೀನು ಇನ್ನೇನು ಮಾಡಿದ್ದೀಯ?"

ನರ್ಸಮ್ಮ ಆಂಬುಲೆನ್ಸ್ ಕರೆಸಿದಳು. ಅಕ್ಕ ತಮ್ಮನೊಂದಿಗೆ ಹತ್ತಿದಳು, ಜೊತೆಗೆ ನರ್ಸಮ್ಮನೂ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಅವನ ಕೈ ನೋಡಿದರು. ಆಮೇಲೆ ಎದುರು ಕೂತು ನಿಧಾನವಾಗಿ ಮಾತಾಡಿಸಿದರು, ನೀರು ಕೊಟ್ಟರು, ಮಾತ್ರೆ ಕೊಡಲು ನೋಡಿದರು. ತಮ್ಮ ಕೇಳಲಿಲ್ಲ. ಎದ್ದವನೇ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಡಾಕ್ಟರು ಹೇಳಿದ ಮೇಲೆ ನಾಲ್ವರು ಬಂದು ಅವನನ್ನು ಹಿಡಿದು, ಅಂಗಾತ ಮಲಗಿಸಿ, ಕೈಕಾಲಿಗೆ ಪಟ್ಟಿ ಹಾಕಿದರು. ಎದೆಯ ಮೇಲೆ, ಕುತ್ತಿಗೆಯ ಮೇಲೆ ಯಾರೂ ಭಾರ ಹಾಕಲಿಲ್ಲ.

ಅಕ್ಕ ಸಿಡಿದಳು. "ನಾನು ಕಟ್ಟಿದ್ರೆ ತಪ್ಪು, ನೀವು ಕಟ್ಟಿದ್ರೆ ಸರೀನಾ?"

"ಕೇಳ್ಬೇಕಾದ್ದನ್ನೇ ಕೇಳಿದೆ. ಅಲ್ಲಿ ನೋಡು," ಎಂದಳು ನರ್ಸಮ್ಮ.

ಒಬ್ಬ ನರ್ಸ್ ಮಂಚದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿದ. "ತಲೆಗೆ ಪೆಟ್ಟಾಗದಿರ್ಲಿ ಅಂತ ಕಟ್ಟಿದ್ದೀವಪ್ಪ. ನೀನು ಸಮಾಧಾನ ಆದ ತಕ್ಷಣ ಬಿಚ್ತೀವಿ. ಬಾಯಾರಿದ್ರೆ, ಬಚ್ಚಲಿಗೆ ಹೋಗ್ಬೇಕಾದ್ರೆ ಹೇಳು," ಎಂದ. ಕಾಲುಗಂಟೆಗೊಮ್ಮೆ ಉಸಿರು, ನಾಡಿ, ಬೆರಳಿನ ಬಣ್ಣ ನೋಡಿ ಬರೆದುಕೊಂಡ. ಕುರ್ಚಿ ಬಿಟ್ಟು ಒಮ್ಮೆಯೂ ಏಳಲಿಲ್ಲ.

ನರ್ಸಮ್ಮ ಹೇಳಿದಳು: "ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಇದು. ಶಿಕ್ಷೆಗಲ್ಲ, ನಮ್ಮ ಅನುಕೂಲಕ್ಕೂ ಅಲ್ಲ."

ನರ್ಸ್ ಮತ್ತೆ ಪಟ್ಟಿಯೊಳಗೆ ತೂರಿಸಿದ ಎರಡು ಬೆರಳನ್ನೇ ಅಕ್ಕ ನೋಡುತ್ತಿದ್ದಳು. ಗಿರಾಕಿಗಳ ತೋಳಿಗೆಲ್ಲ ಅಷ್ಟು ಸಡಿಲ ಬಿಡುವವಳು ಅವಳು. ತಮ್ಮನಿಗೆ ಬಿಟ್ಟಿರಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಅವನು ತಣ್ಣಗಾದ. ಒಂದೊಂದಾಗಿ ಪಟ್ಟಿ ಬಿಚ್ಚಿದರು. ನೀರು ಕುಡಿದು ಅವನು ಅಕ್ಕನ ಕಡೆ ತಿರುಗಿದ.

"ಕೈ ನೋಯ್ತಿದೆ ಅಂತ ಎಷ್ಟು ಕೂಗ್ದೆ ಅಕ್ಕಾ. ನೀನು ಮಿಷನ್ ತುಳೀತಾನೇ ಇದ್ದೆ."

ಅಕ್ಕನಿಗೆ ದುಃಖ ಉಕ್ಕಿ ಬಂತು. ಮಿಷನ್ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ.

ಮೂರು ವಾರದ ಮೇಲೆ ತಮ್ಮ ಮನೆಗೆ ಬಂದ. ಕಿರುಬೆರಳು ಇನ್ನೂ ಜೋಮು ಹಿಡಿದಂತೆಯೇ ಇದೆ. ಮಾತ್ರೆ ತಪ್ಪಿಸುವುದಿಲ್ಲ. ಹೊಲಿಗೆ ಮಿಷನ್ ಈಗ ಅವನ ಕೋಣೆಯಲ್ಲಿದೆ. ಅವನು ಬಾಯಿ ತೆರೆದರೆ ಸಾಕು, ಅಕ್ಕ ತುಳಿಯುವುದನ್ನು ನಿಲ್ಲಿಸುತ್ತಾಳೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥವರಿದ್ದರೆ ಕಟ್ಟಬೇಡಿ, ಕೂಡಿಹಾಕಬೇಡಿ. ಕೈಮೀರುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಕಟ್ಟಿದರೆ ಏಕೆ, ಎಷ್ಟು ಹೊತ್ತು, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. ಕಾಯಿಲೆಯವರು ಕೂಗಿದಾಗ ಕಿವಿಗೊಡಿ.