ಮೂವತ್ತೆರಡು ಸಾವಿರ, ಆಮೇಲೆ ಸುಮ್ನೆ

“ಈ ಅರ್ಬಾಜ್ ರೇಟ್ ಹೇಳೋದು ಒಂದೇ ಸಲ! ಎರಡನೇ ಸಲ ಹೇಳಿಸಿದ್ರೆ ಜಿಎಸ್‌ಟಿ ಎಕ್ಸ್‌ಟ್ರಾ!”

ಶಿಡ್ಲಘಟ್ಟದ ತಮ್ಮ ರೇಷ್ಮೆ ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ಒಡಕು ಕನ್ನಡಿಯ ಮುಂದೆ ಅರ್ಬಾಜ್ ಕೂಲಿಂಗ್ ಗ್ಲಾಸನ್ನು ಮೂಗಿನ ತುದಿಗೆ ಜಾರಿಸಿಕೊಂಡು ನಿಂತಿದ್ದ. ಬೆನ್ನ ಹಿಂದೆ ಬಿಸಿನೀರಿನ ತೊಟ್ಟಿಗಳಲ್ಲಿ ನೂಲು ಬಿಚ್ಚಲು ಹಾಕಿದ್ದ ರೇಷ್ಮೆ ಗೂಡುಗಳು ಕುಣಿಯುತ್ತಿದ್ದವು. ರಾಟೆಗಳ ಸದ್ದಿನಲ್ಲಿ ಅವನ ಡೈಲಾಗ್ ಅರ್ಧ ಮುಳುಗಿಹೋದರೂ ಅಪ್ಪ ಜಿಯಾವುಲ್ಲಾನಿಗೆ ಕೇಳಿಸಬೇಕಾದಷ್ಟು ಕೇಳಿಸಿತು.

“ಹೋದ ಸಲಾನೂ ಹಿಂಗೇ ಗುಡುಗಿ ಹೋಗಿದ್ದೆ. ಚಿಂತಾಮಣಿ ಶಾದಿಮಹಲ್‌ನೋರಿಗೆ ಇಪ್ಪತ್ತು ಸಾವಿರ ಅಂದು ಏಳಕ್ಕೆ ಇಳಿದು ಬಂದೆ.”

“ಬಿರಿಯಾನಿನೂ ಕೊಟ್ರು ಅಬ್ಬಾ.”

“ಹೂಂ. ಒಂದು ಬಿರಿಯಾನಿ ತಿಂದು ಎರಡು ತಿಂಗಳು ದುಡಿದೆ.”

ಅರ್ಬಾಜ್ ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಫೋನಿನಲ್ಲಿ ಅವುಗಳ ಜಾಹೀರಾತು ನೋಡಿಕೊಳ್ಳುತ್ತಿದ್ದ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ರೇಟು ಮಾತ್ರ ಎದುರಿಗಿದ್ದವರ ಮುಖ ನೋಡಿ ಕರಗುತ್ತಿತ್ತು. ಅದನ್ನು ಕಂಡೇ ಜಿಯಾವುಲ್ಲಾ ಕುಡುಮಲಕುಂಟೆಯ ಕಾರ್ಖಾನೆಯೊಂದರ ಸೂಪರ್‌ವೈಸರ್‌ ಹತ್ತಿರ ಮಗನಿಗೊಂದು ಕೆಲಸ ಮಾತಾಡಿಟ್ಟಿದ್ದ. ಇವತ್ತು ಮಾತಾಡಲು ಹೊರಟಿದ್ದ ಹೊಸ ಕೆಲಸಕ್ಕೆ ಸರಿಯಾದ ರೇಟು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಸೋಮವಾರದಿಂದ ಕಾರ್ಖಾನೆ. ಅಪ್ಪ ಮಗನ ನಡುವೆ ಒಪ್ಪಂದವಾಗಿತ್ತು.

“ಈ ಸಲ ಲೆಕ್ಕ ಹಾಕಿದೀನಿ ಅಬ್ಬಾ. ಸೈಟಿನ ಖರ್ಚು, ಫೋಟೋ, ಮೂರು ತಿಂಗಳ ಜಾಹೀರಾತಿನ ಕೆಲಸ, ನನ್ನ ಕೂಲಿ. ಮೂವತ್ತೆರಡು ಸಾವಿರ.”

“ಶಾದಿಮಹಲ್‌ನೋರು ಏನಂತ ಕೇಳಿ ಇಳಿಸಿದ್ರು?”

ಅರ್ಬಾಜ್ ಕನ್ನಡಕ ತೆಗೆದ. “ಏನೂ ಕೇಳಲಿಲ್ಲ. ಸುಮ್ನೆ ನೋಡ್ತಾ ಕೂತ್ರು. ನಂಗೇ ಒಂಥರಾ ಆಯ್ತು.”

ಜಿಯಾವುಲ್ಲಾ ಜೋರಾಗಿ ನಕ್ಕುಬಿಟ್ಟ. “ಲೇ, ನಾನು ಇಷ್ಟು ವರ್ಷ ಗೂಡು ತಗೊಂಡಿದೀನಿ. ರೇಟು ಇಳಿಸೋದು ನಾನಲ್ಲ ಕಣೋ, ಮಾರೋರೇ. ಒಳಗಿನ ಹುಳು ಹೆಂಗಿದೆ ಅಂತ ಒಂದು ಗೂಡು ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾ ನಿಂತ್ಕೋತೀನಿ, ಅಷ್ಟೇ. ಎದುರಿಗಿರೋನಿಗೆ ತಡೆಯಕ್ಕಾಗಲ್ಲ. ಅವನೇ ಬಾಯಿ ಬಿಡ್ತಾನೆ. ನೀನು ರೇಟ್ ಹೇಳು. ಆಮೇಲೆ ಸುಮ್ನಿರು.”

“ಎಷ್ಟೊತ್ತು?”

“ಅವ್ರು ಮಾತಾಡೋವರೆಗೂ.”

“ನಾನಾ? ನಾನು ನಿದ್ದೇಲೂ ಡೈಲಾಗ್ ಹೊಡಿಯೋನು ಅಬ್ಬಾ!”

“ಗೊತ್ತಪ್ಪ. ಪಕ್ಕದಲ್ಲಿ ಮಲಗೋನು ನಾನೇ ಅಲ್ವಾ.”

ಅಪ್ಪನ ಉಪಾಯ ಅರ್ಬಾಜ್‌ಗೆ ಸಪ್ಪೆ ಅನ್ನಿಸಿತು. ಹೊರಗೆ ಬಂದು ಬೈಕ್ ಹತ್ತುವ ಮುಂಚೆ ಗೆಳೆಯ ಯಾಸೀನನಿಗೆ ಫೋನ್ ಮಾಡಿದ. “ಹನ್ನೊಂದೂವರೆಗೆ ನಂಗೆ ಕಾಲ್ ಮಾಡು ಮಚ್ಚಾ. ನೀನು ಬೆಂಗಳೂರಿನ ದೊಡ್ಡ ಪಾರ್ಟಿ. ಐವತ್ತು ಸಾವಿರ ಕೊಡ್ತೀನಿ ಬನ್ನಿ ಸಾರ್ ಅಂತ ಕಾಲು ಹಿಡ್ಕೋತೀಯ, ನಾನು ಟೈಮಿಲ್ಲ ಅಂತೀನಿ. ಸ್ಪೀಕರ್‌ನಲ್ಲಿ ಹಾಕಿರ್ತೀನಿ, ನಗಬೇಡ.”

ದಿಬ್ಬೂರಹಳ್ಳಿಯಲ್ಲಿ ಶಿರೀಷಾ ಚಾಕಿ ಕೇಂದ್ರ ನಡೆಸುತ್ತಿದ್ದಳು. ಮೊಟ್ಟೆಯಿಂದ ಬಂದ ರೇಷ್ಮೆ ಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಮಾರುವ ಕೆಲಸ. ಗಡಿಯಾಚೆಯ ತೆಲುಗು ರೈತರೂ ಫೋನಿನಲ್ಲೇ ಬುಕ್ ಮಾಡುವಂತಾಗಬೇಕು ಎಂಬುದು ಅವಳ ಆಸೆ. ಅರ್ಬಾಜ್ ಕಾಲು ತೊಳೆದು ಒಳಗೆ ಹೋದಾಗ ಅವಳ ಅಪ್ಪ ಮುನಿಶಾಮಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ. ಮೇಜಿನ ಮೇಲೆ ತಟ್ಟೆ ತುಂಬ ಗೂಡು. ತಾನು ಕೊಟ್ಟ ಹುಳು ಹೇಗೆ ಬೆಳೆದಿದೆ ಅಂತ ತೋರಿಸಲು ಅವಳು ಇಟ್ಟುಕೊಂಡಿದ್ದ ಮಾದರಿ.

ಲ್ಯಾಪ್‌ಟಾಪ್ ಬಿಚ್ಚಿದ ಮೇಲೆ ಅರ್ಬಾಜ್‌ನನ್ನು ಹಿಡಿಯುವವರಿರಲಿಲ್ಲ. ಬುಕಿಂಗ್ ಹೇಗೆ, ತೆಲುಗಿನಲ್ಲಿ ಹೇಗೆ ಕಾಣುತ್ತೆ, ಜಾಹೀರಾತು ಯಾವ ಯಾವ ಊರಿನ ಫೋನುಗಳಿಗೆ ಹೋಗುತ್ತೆ, ಎಲ್ಲ ತೋರಿಸಿದ. ಶಿರೀಷಾ ಬಿಡಿಸಿ ಬಿಡಿಸಿ ಕೇಳಿದಳು. ಎಲ್ಲದಕ್ಕೂ ಉತ್ತರವಿತ್ತು.

“ಸರಿ, ಎಷ್ಟಾಗ್ತೈತೆ?”

“ಮೂವತ್ತೆರಡು ಸಾವಿರ ಅಕ್ಕ.”

ಮುನಿಶಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಶಿರೀಷಾ ಲ್ಯಾಪ್‌ಟಾಪಿನ ಕಡೆ ನೋಡಿದಳು. ಯಾರೂ ಮಾತಾಡಲಿಲ್ಲ.

ಅರ್ಬಾಜ್‌ನ ನಾಲಿಗೆಯ ತುದಿಗೆ ಇಪ್ಪತ್ತೆಂಟು ಬಂತು. ನುಂಗಿದ. ಇಪ್ಪತ್ತೈದು ಬಂತು. ‘ಅಕ್ಕ, ನೀವು ನಮ್ಮೋರು’ ಅನ್ನುವುದಂತೂ ಹಲ್ಲಿನವರೆಗೆ ಬಂದು ನಿಂತಿತ್ತು. ಬಾಯಿಗೆ ಕೆಲಸ ಕೊಡಬಾರದೆಂದು ಕೈಗೆ ಕೊಟ್ಟ: ತಟ್ಟೆಯಿಂದ ಒಂದು ಗೂಡು ಎತ್ತಿಕೊಂಡ. ಯಾವಾಗ ಅದು ಕಿವಿಯ ಹತ್ತಿರ ಹೋಯಿತೋ ಅವನಿಗೇ ತಿಳಿಯಲಿಲ್ಲ. ಒಳಗೆ ಹುಳು ಲೊಟಲೊಟ ಅಂದಿತು.

ಆಗಲೇ ಫೋನ್ ಬಡಿದುಕೊಂಡಿತು. ಯಾಸೀನ್. ಸರಿಯಾದ ಸಮಯಕ್ಕೆ ಪುಣ್ಯಾತ್ಮ ಏನನ್ನಾದರೂ ಮಾಡಿದ್ದರೆ ಜೀವಮಾನದಲ್ಲಿ ಇದೊಂದೇ. ಅರ್ಬಾಜ್ ಫೋನನ್ನು ನೋಡಿದ. ಇವತ್ತು ತೋರಿಸಿದ ಕೆಲಸದಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಕಾಲ್ ಕತ್ತರಿಸಿ ಫೋನನ್ನು ಬೋರಲು ಹಾಕಿದ. ಗೂಡನ್ನು ಮತ್ತೆ ಅಲ್ಲಾಡಿಸಿದ.

ಮುನಿಶಾಮಪ್ಪ ಕಣ್ಣು ಕಿರಿದು ಮಾಡಿದ.

“ಲೇ, ನೀನು ಜಿಯಾ ಸಾಬ್ರ ಮಗ ಅಲ್ವೇನೋ?”

“ಹೌದು ತಾತ.”

“ಅದೇ ಅನ್ಕೊಂಡೆ! ಬಾಯಲ್ಲೇ ಹರಾಜು ಕೂಗೋ ಕಾಲದಲ್ಲಿ ನಿಮ್ಮಪ್ಪ ನನ್ ಗೂಡಿನ ಲಾಟಿನ ಮುಂದೆ ಹಿಂಗೇ ನಿಂತ್ಕೊಳ್ಳೋನು. ಮಾತಿಲ್ಲ, ಕತೆಯಿಲ್ಲ, ಕಿವಿ ಹತ್ರ ಗೂಡು. ಅಯ್ಯೋ ದೇವುಡಾ, ಯಾವಾಗ ಬಾಯಿ ಬಿಡ್ತಾನಪ್ಪಾ ಅಂತ ಕಾದು ಕಾದು ನಾನೇ ಕಮ್ಮಿ ಮಾಡ್ಬಿಡ್ತಿದ್ದೆ!” ಅವನು ತೊಡೆ ತಟ್ಟಿಕೊಂಡು ನಕ್ಕ. “ತಗೊಳ್ಳುವಾಗ ಅವನು ಸುಮ್ನಿದ್ದ. ಮಾರುವಾಗ ನೀನು ಸುಮ್ನಿದೀಯ. ನಾವು ಮಾತ್ರ ಯಾವಾಗ್ಲೂ ಬಡ್ಕೋಬೇಕಾ?”

“ನೀನು ಬಡ್ಕೋಬೇಡ, ಸುಮ್ನಿರಪ್ಪ,” ಅಂದಳು ಶಿರೀಷಾ, ನಗು ತಡೆಯುತ್ತಾ. “ಎರಡನೇ ಜ್ವರ ದಾಟಿದ ಹುಳಾನ ನಾನು ಯಾರಿಗಾದ್ರೂ ರೇಟು ಇಳಿಸಿ ಕೊಟ್ಟಿದೀನಾ? ಮೂವತ್ತೆರಡು. ಅರ್ಧ ಇವತ್ತು ಹಾಕ್ತೀನಿ. ತೆಲುಗು ಮಾತ್ರ ಸರಿಯಾಗಿರ್ಬೇಕು ಕಣಪ್ಪ, ಆ ಕಡೆಯೋರು ನಗಬಾರ್ದು.”

“ಡನ್ ಅಕ್ಕ,” ಅಂದ ಅರ್ಬಾಜ್. ಜೀವನದಲ್ಲೇ ಅವನ ಅತಿ ಚಿಕ್ಕ ಡೈಲಾಗ್ ಅದು.

ಊರಿಗೆ ಮರಳಿದಾಗ ಜಿಯಾವುಲ್ಲಾ ತೊಟ್ಟಿಯ ಮೇಲೆ ಬಗ್ಗಿ ಗೂಡುಗಳ ಎಳೆಯ ತುದಿ ಹುಡುಕುತ್ತಿದ್ದ.

“ಎಷ್ಟಕ್ಕೆ ನಿಂತಿತು?”

ಅರ್ಬಾಜ್ ಕೈಕಟ್ಟಿ ನಿಂತ.

“ಲೇ, ಎಷ್ಟಕ್ಕೋ?”

ಅವನು ಚಾವಣಿ ನೋಡಿದ.

“ಹಾಳಾದೋನೇ, ಇಪ್ಪತ್ತಾ? ಹದಿನೆಂಟಾ? ಹೇಳೋ!”

“ನೋಡಿದ್ರಾ ಅಬ್ಬಾ, ನೀವೇ ಇಳಿಸ್ತಾ ಇದೀರ,” ಅಂದ ಅರ್ಬಾಜ್. “ಮೂವತ್ತೆರಡು.”

ಜಿಯಾವುಲ್ಲಾ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ ರಾಟೆ ತಿರುಗಿಸುವ ಮೋಟಾರಿನ ಸ್ವಿಚ್ ಆರಿಸಿದ. ಕರೆಂಟ್ ಹೋದಾಗ ಬಿಟ್ಟರೆ ಹಗಲು ಹೊತ್ತಿನಲ್ಲಿ ಆ ಮೋಟಾರ್ ನಿಂತದ್ದನ್ನು ಅರ್ಬಾಜ್ ಕಂಡಿರಲಿಲ್ಲ. ಅಪ್ಪ ಫೋನ್ ತೆಗೆದು ಕುಡುಮಲಕುಂಟೆಯ ಸೂಪರ್‌ವೈಸರ್ ನಂಬರ್ ಒತ್ತಿದ.

“ಸಾರ್, ಜಿಯಾವುಲ್ಲಾ. ಸೋಮವಾರ ಬರಲ್ಲ ಸಾರ್. ಇಲ್ಲ ಇಲ್ಲ, ನಮ್ಮ ಹುಡುಗನಿಗೆ ಪುರುಸೊತ್ತಿಲ್ಲ.”

ಸದ್ದಡಗಿದ ಶೆಡ್ಡಿನಲ್ಲಿ ಆ ಮಾತು ಬೀದಿಯ ತನಕ ಕೇಳಿಸಿತು. ರಾಟೆಗಳು ಇನ್ನೂ ಒಂದೆರಡು ಸುತ್ತು ನಿಧಾನವಾಗಿ ತಿರುಗಿ ನಿಂತವು. ಅವುಗಳ ಮೇಲೆ ಆಗಷ್ಟೇ ಸುತ್ತಿದ ಎಳೆ ಹಸಿಹಸಿಯಾಗಿ ಹೊಳೆಯುತ್ತಿತ್ತು.