ಗಂಡನ ಜೊತೆಗಾರ

ಪಸ್ಕಹಬ್ಬ ಬಂದು, ಅಲ್ಲಿಂದ ವಾರಗಳ ಹಬ್ಬದವರೆಗೆ ದಿನ ಎಣಿಸುವ ಏಳು ಎಣಿಕೆಯ ವಾರಗಳು ಶುರುವಾದರೆ ಸಫೆದಿನ ಯೆಹೂದಿ ಗಂಡಸರು ಗಡ್ಡ ಕತ್ತರಿಸುವುದಿಲ್ಲ, ಊರಲ್ಲಿ ಮದುವೆಯ ಡೋಲು ಕೇಳಿಸುವುದಿಲ್ಲ. ಅದು ಪ್ರತಿ ವರ್ಷದ ಮಾತು. ಆ ವರ್ಷ ಇನ್ನೊಂದು ಸೇರಿಕೊಂಡಿತು: ಬಣ್ಣಗಾರ ಯೋಮ್‌ತೋವನ ಹೆಂಡತಿ ಜೋಯಾಳ ಹೊಟ್ಟೆಗೆ ಕಿಚ್ಚು ಬಿತ್ತು.

ಯೋಮ್‌ತೋವ್ ಮಾತು ಕಡಿಮೆಯ ಮನುಷ್ಯ. ಮೊಣಕೈವರೆಗೆ ನೀಲಿ ಹತ್ತಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಣ್ಣದ ಬಾನಿಯ ಮುಂದೆ ನಿಲ್ಲುತ್ತಿದ್ದ. ಮನೆಗೆ ಬಂದರೆ ಉಂಡು, ದೇವರನ್ನು ನೆನೆದು ಮಲಗುತ್ತಿದ್ದ. ಜೋಯಾ ಸಲೋನಿಕದಿಂದ ಬಂದವಳು. ಅಲ್ಲಿ ಮೊದಲ ಗಂಡ ಬರ್ಜಿಲಾಯ್ ಜ್ವರದಲ್ಲಿ ತೀರಿಕೊಂಡ ಮೇಲೆ ಅಣ್ಣನ ಜೊತೆ ಈ ಬೆಟ್ಟದೂರು ಸೇರಿ, ಯೋಮ್‌ತೋವನ ಕೈ ಹಿಡಿದಿದ್ದಳು. ಮಕ್ಕಳಾಗಿರಲಿಲ್ಲ. ಅದರ ಬಗ್ಗೆಯೂ ಗಂಡ ಒಂದು ಮಾತು ಆಡಿದವನಲ್ಲ.

ಆ ಚಳಿಗಾಲದಲ್ಲಿ ಯೋಮ್‌ತೋವನನ್ನು ಮುದಿ ಗುರು ಷೆಮಾಯರ ಕೂಟಕ್ಕೆ ಸೇರಿಸಿಕೊಂಡರು. ಕೂಟದವರಿಗೆ ಎಣಿಕೆಯ ಕಾಲವೆಂದರೆ ಬರೀ ದಿನ ಎಣಿಸುವುದಲ್ಲ. ಏಳು ವಾರಕ್ಕೆ ಮನಸ್ಸಿನ ಏಳು ಗುಣ. ಮೊದಲ ವಾರ ಪ್ರೀತಿ, ಮುಂದಿನದು ಬಿಗಿ, ಆಮೇಲೆ ಕರುಣೆ, ತಾಳ್ಮೆ, ತಗ್ಗುವುದು, ಬೆಸೆಯುವುದು, ಕೊನೆಗೆ ಆಳುವುದು. ಸಂಜೆ ದಿನವನ್ನು ಎಣಿಸಿ, ಆ ವಾರದ ಗುಣ ತನ್ನೊಳಗೆ ಎಲ್ಲಿ ಹುಳಿಯಾಗಿದೆ, ಎಲ್ಲಿ ಸೊರಗಿದೆ ಎಂದು ನೋಡಿಕೊಳ್ಳಬೇಕು. ನೋಡಿದ್ದನ್ನು ಗುರುಗಳು ಗೊತ್ತುಮಾಡಿದ ಜೊತೆಗಾರನಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆ ಹೇಳಿಕೊಂಡೇ ಮನಸ್ಸನ್ನು ತೊಳೆದು, ವಾರಗಳ ಹಬ್ಬದ ದಿನ ದೇವರ ಮುಂದೆ ನಿಲ್ಲಬೇಕು.

ಯೋಮ್‌ತೋವನಿಗೆ ಸಿಕ್ಕ ಜೊತೆಗಾರ ಗೆದಲ್ಯ. ಫೆಸ್ ಪಟ್ಟಣದಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಧರ್ಮಗ್ರಂಥ ಬರೆಯುವ ತೊಗಲನ್ನು ಹದಮಾಡುವ ಕೆಲಸ. ಒಂಟಿ ಜೀವ, ಮಾತಾಡುವಾಗ ತೊದಲುತ್ತಿದ್ದ. ಇಬ್ಬರೂ ಸಭಾಮಂದಿರದಿಂದ ಹೊರಟು ಊರ ಕೆಳಗಿನ ಆಲಿವ್ ತೋಪಿನಲ್ಲಿ ಕೂತು ಮಾತಾಡುತ್ತಿದ್ದರು. ಮೊದಲ ದಿನ ಗಂಡ ತಡವಾಗಿ ಬಂದಾಗ ಅವನ ಕಣ್ಣು ಕೆಂಪಾಗಿದ್ದವು.

"ಅತ್ತಿದ್ದೀರಾ?" ಎಂದಳು ಜೋಯಾ.

"ಹೂಂ."

"ಯಾಕೆ?"

"ಅದು ಕೂಟದ ಮಾತು. ಊಟ ಹಾಕು."

ಎಂಟು ವರ್ಷದ ಸಂಸಾರದಲ್ಲಿ ಅವಳು ಆ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಅವನ ತಾಯಿ ಸತ್ತಾಗಲೂ ಕಂಡಿರಲಿಲ್ಲ. ಅಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದನೋ ಅದನ್ನು, ಈಗ ನಿನ್ನೆ ಮೊನ್ನೆ ಬಂದ ತೊದಲನ ಮುಂದೆ ಸುರಿದು ಬಂದಿದ್ದ. ಜೋಯಾ ಬೇಳೆಯ ಸಾರನ್ನು ಬಟ್ಟಲಿಗೆ ಬಡಿದಳು.

ದಿನ ಕಳೆದಂತೆ ಗಂಡನ ಮುಖ ತಿಳಿಯಾಗುತ್ತ ಬಂತು. ಬಾನಿಯ ಮುಂದೆ ಗುನುಗಲು ಶುರುಮಾಡಿದ. ಅದನ್ನು ಕೇಳಿದಷ್ಟೂ ಅವಳಿಗೆ ಉರಿ. ತನ್ನ ಅಡಿಗೆಯಿಂದ, ತನ್ನ ನಗುವಿನಿಂದ ಆಗದೇ ಇದ್ದದ್ದು ಆ ಗೆದಲ್ಯನಿಂದ ಆಯಿತಲ್ಲ! ಒಂದು ಮಧ್ಯಾಹ್ನ ತಡೆಯಲಾರದೆ ಅಂದೇಬಿಟ್ಟಳು:

"ಅವನ ಹತ್ರ ಏನು ಹೇಳ್ತೀರಿ ದಿನಾ? ನನ್ನ ವಿಷಯಾನಾ?"

"ಜೋಯಾ, ಬಿಡು."

"ಬಿಡ್ತೀನಿ, ಬಿಡದೆ ಏನ್ಮಾಡ್ಲಿ! ಬರ್ಜಿಲಾಯ್ ಇದ್ದಾಗ ಮನೆ ತುಂಬ ಮಾತಿತ್ತು. ಇಲ್ಲಿ ಗೋಡೆ ಜೊತೆ ಬಾಳ್ವೆ ಮಾಡ್ತಿದ್ದೀನಿ."

ಯೋಮ್‌ತೋವ್ ಕೈಯಲ್ಲಿದ್ದ ಉಣ್ಣೆಯ ಲಡಿಯನ್ನು ಬಾನಿಯೊಳಗೆ ಬಿಟ್ಟು ಹೊರಗೆ ಹೋದ.

ಗೆದಲ್ಯ ಬಾಡಿಗೆಗಿದ್ದದ್ದು ಪಕ್ಕದ ಅಂಗಳದ ವಿದಾ ಅತ್ತೆಯ ಮನೆಯಲ್ಲಿ. ವಿದಾ ಅತ್ತೆಗೆ ವಯಸ್ಸಾಗಿತ್ತು, ನಾಲಿಗೆಗೆ ಆಗಿರಲಿಲ್ಲ.

"ಏನೇ ಜೋಯಾ, ನಿನ್ನ ಗಂಡ ನಮ್ಮ ಹುಡುಗನ್ನ ಮದುವೆ ಆಗ್ಬಿಟ್ಟನಾ ಹೇಗೆ? ಸಂಜೆ ಆದ್ರೆ ಸಾಕು, ಇಬ್ಬರೂ ಹೊರಟ್ರು!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಬಾವಿಕಟ್ಟೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಜೋಯಾಳೂ ನಕ್ಕಳು. ನಗುತ್ತಲೇ ಬಿಂದಿಗೆ ಎತ್ತಿಕೊಂಡು ಬಂದವಳು ಬಾಗಿಲು ಹಾಕಿ, ಹಲ್ಲು ಕಚ್ಚಿ ನಿಂತಳು.

ಕರುಣೆಯ ವಾರ ಬಂತು. ಜೋಯಾ ಬಣ್ಣ ಹಾಕಿದ ನೂಲನ್ನು ಜಾಲಿಸುವ ನೆಪ ಮಾಡಿಕೊಂಡು ತೋಪಿನ ಪಕ್ಕದ ಒರತೆಗೆ ಹೋದಳು. ಹೊತ್ತು ಮುಳುಗುತ್ತಿತ್ತು. ಕಲ್ಲುಗೋಡೆಯ ಆಚೆ ಇಬ್ಬರೂ ಕೂತಿದ್ದರು. ಗಂಡನ ಬಾಯಿಂದ ತನ್ನ ಹೆಸರು ಬರುತ್ತದೇನೋ ಎಂದು ಕಿವಿಯಾದಳು. ಕೇಳಿಸಿದ್ದು ಗೆದಲ್ಯನ ದನಿ.

"ಹ-ಹಡಗಲ್ಲಿ ನೀರು ಅಳೆದು ಕೊಡ್ತಿದ್ರು, ಅಣ್ಣ. ತಮ್ಮನಿಗೆ ಜ್ವರ. ಅವನ ಪಾಲಿನ ನೀರು ನಾನೇ ಕು-ಕುಡಿದೆ. ಮಲಗಿದ್ದಾನೆ, ಗೊತ್ತಾಗಲ್ಲ ಅಂತ. ಬೆಳಿಗ್ಗೆ ನೋಡಿದ್ರೆ ಹೋಗಿದ್ದ. ಕರುಣೆ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಜೋಯಾ ಗೋಡೆಯ ಬಿರುಕಿನಲ್ಲಿ ಕಂಡದ್ದಿಷ್ಟು: ಗಂಡ ತನ್ನ ನೀಲಿ ಕೈಯಿಂದ ಅವನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದ.

ಬೇರೆ ಯಾರಾದರೂ ಆಗಿದ್ದರೆ ಆ ಮಾತು ಕೇಳಿ ಕರಗಿ ನೀರಾಗುತ್ತಿದ್ದರು. ಜೋಯಾಳ ಕಣ್ಣಿಗೆ ಹೊಡೆದದ್ದು ಆ ಕೈ ಮಾತ್ರ. ತನ್ನನ್ನು ಅದು ಹಾಗೆ ಹಿಡಿದದ್ದು ಯಾವಾಗ?

ಮಾರನೆಯ ದಿನ ಒಂದು ಬಟ್ಟಲು ಆಡಿನ ಗಿಣ್ಣು ಹಿಡಿದು ಗೆದಲ್ಯನ ಅಂಗಳಕ್ಕೆ ಹೋದಳು. ಅವನು ಸುಣ್ಣದ ನೀರಿನಿಂದ ತೊಗಲು ತೆಗೆದು ಚೌಕಟ್ಟಿಗೆ ಬಿಗಿಯುತ್ತಿದ್ದ.

"ಬ-ಬನ್ನಿ ಅತ್ತಿಗೆ."

"ಒಂದು ಮಾತು ಹೇಳಬೇಕಿತ್ತು. ತಪ್ಪು ತಿಳೀಬೇಡ. ನಿನ್ನ ಮೇಲಿನ ಮರುಕಕ್ಕೆ ಹೇಳ್ತಿದ್ದೀನಿ. ನಮ್ಮೆಜಮಾನರ ಹತ್ರ ಅಷ್ಟೆಲ್ಲ ಬಿಚ್ಚಿ ಹೇಳ್ಕೋಬೇಡಪ್ಪ. ಮನೇಲಿ ಬಂದು ನಿನ್ನ ಹಾಗೇ ತೊದಲಿ ತೋರಿಸ್ತಾರೆ. ನಗ್ತಾರೆ."

ಗೆದಲ್ಯ ಅವಳನ್ನು ನೋಡಿ ತಲೆಯಾಡಿಸಿದ. "ಅ-ಅಣ್ಣ ಅಂಥವರಲ್ಲ."

"ಅಲ್ವಾ? ಹಾಗಾದ್ರೆ ನಿನ್ನ ತಮ್ಮನ ನೀರಿನ ಕಥೆ ನನಗೆ ಹೇಗೆ ಗೊತ್ತು?"

ಅವನ ಕೈಯಿಂದ ಹಗ್ಗ ಜಾರಿತು. ಬಿಗಿದಿದ್ದ ತೊಗಲು ಸುರುಟಿಕೊಂಡು ನೆಲಕ್ಕೆ ಬಿತ್ತು. ಜೋಯಾ ಗಿಣ್ಣಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಬಂದುಬಿಟ್ಟಳು.

ಅಂದಿನ ಸಂಜೆಯಿಂದ ಗೆದಲ್ಯ ತೋಪಿಗೆ ಬರಲಿಲ್ಲ. ಸಭಾಮಂದಿರದಲ್ಲಿ ಜಾಗ ಬದಲಿಸಿ ಕಂಬದ ಹಿಂದೆ ನಿಂತ. ಯೋಮ್‌ತೋವ್ ಮಾತಾಡಿಸಲು ಹೋದರೆ ಬೆನ್ನು ತಿರುಗಿಸಿದ. ಯೋಮ್‌ತೋವ್ ದಿನವೂ ತೋಪಿಗೆ ಹೋಗಿ ಒಬ್ಬನೇ ಕಾದು ಮನೆಗೆ ಬರುತ್ತಿದ್ದ.

ಜೋಯಾ ಗೆದ್ದಿದ್ದಳು. ಗಂಡನಿಗೆ ಬದನೆಕಾಯಿ ಸುಟ್ಟು, ಎಳ್ಳೆಣ್ಣೆ ಹಾಕಿ ಬಡಿಸಿದಳು. ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು. ಅವನು ಉಂಡ, ಗೋಡೆಯ ಕಡೆ ತಿರುಗಿ ಮಲಗಿದ. ಗುನುಗುವುದು ನಿಂತಿತು. ಒಂದು ದಿನ ಬಾನಿಯ ಬೆಂಕಿ ಮರೆತು ಇಡೀ ನೀಲಿ ಕೆಡಿಸಿದ. "ನನ್ನಿಂದ ಅವನಿಗೆ ಏನು ತಪ್ಪಾಯ್ತೋ," ಎಂದು ಬಾನಿಗೇ ಹೇಳಿಕೊಂಡ. ಅವನನ್ನು ಗೆದಲ್ಯನಿಂದ ಬಿಡಿಸಿ ತಂದಿದ್ದೇನೆ ಎಂದುಕೊಂಡಿದ್ದವಳಿಗೆ, ಅವನು ಬಂದಿಲ್ಲ, ಬರೀ ಅವನ ಮೈ ಬಂದಿದೆ ಎಂದು ತಿಳಿಯಿತು.

ತಗ್ಗುವ ವಾರದಲ್ಲಿ ಮೆರೋನಿನ ಜಾತ್ರೆ. ಊರಿಗೆ ಊರೇ ಕಣಿವೆ ದಾಟಿ ಅಲ್ಲಿನ ಹಿರಿಯ ಸಂತರ ಸಮಾಧಿಗೆ ಹೊರಡುತ್ತದೆ. ಹೋಗುವ ದಾರಿಯಲ್ಲಿ ವಿದಾ ಅತ್ತೆ ಕತ್ತೆಯ ಮೇಲಿಂದಲೇ ಜೋಯಾಳನ್ನು ಕರೆದಳು. ಅವತ್ತು ಅವಳ ಮುಖದಲ್ಲಿ ನಗುವಿರಲಿಲ್ಲ.

"ಗೆದಲ್ಯ ನಾಳೆ ಬೆಳಿಗ್ಗೆ ಹೇಸರಗತ್ತೆಯವರ ಜೊತೆ ದಮಸ್ಕಕ್ಕೆ ಹೋಗ್ತಾನಂತೆ ಕಣೇ. ಊಟ ಮುಟ್ಟಿ ಎಷ್ಟು ದಿನ ಆಯ್ತೋ. ಯಾಕಪ್ಪ ಅಂದ್ರೆ, ನನ್ನ ತಮ್ಮನ ಸಾವನ್ನ ಆಡಿಕೊಂಡು ನಗೋ ಊರಲ್ಲಿ ಇರಲ್ಲ ಅಂತಾನೆ. ಯಾವ ಪಾಪಿ ಏನಂದನೋ!"

ಜೋಯಾ ಕತ್ತೆಗೆ ದಾರಿ ಬಿಟ್ಟು ಹಿಂದೆ ಉಳಿದಳು.

ಮೆರೋನಿನ ಅಂಗಳದಲ್ಲಿ ಊಟವಾದ ಮೇಲೆ ಗುರು ಷೆಮಾಯ ಎದ್ದು ನಿಂತರು. ಗಂಡಸರು ಒಂದು ಕಡೆ, ಹೆಂಗಸರು ಗೋಡೆಯ ನೆರಳಲ್ಲಿ. ಗುರುಗಳ ದನಿ ತೆಳು, ಆದರೆ ಎಲ್ಲರೂ ಸುಮ್ಮನಿದ್ದರು.

"ಹಿಂದೆ ಇದೇ ವಾರಗಳಲ್ಲಿ ಒಬ್ಬ ಮಹಾಗುರುವಿನ ಶಿಷ್ಯರೆಲ್ಲ ಸತ್ತರು. ಯಾಕೆ ಸತ್ತರು ಅಂತ ನಿಮಗೆಲ್ಲ ಗೊತ್ತು. ಒಬ್ಬರಿಗೆ ಸಿಕ್ಕ ಮರ್ಯಾದೆಯನ್ನ ಇನ್ನೊಬ್ಬರು ಸಹಿಸಲಿಲ್ಲ. ಹೊಟ್ಟೆಕಿಚ್ಚು ಇಲ್ಲದ ಮನುಷ್ಯ ಇಲ್ಲ, ಮಕ್ಕಳೇ. ನನಗೂ ಇದೆ. ನನಗಿಂತ ಚೆನ್ನಾಗಿ ನಡೆಯೋ ಮುದುಕರನ್ನ ಕಂಡ್ರೆ ಆಗಲ್ಲ." ಜನ ನಕ್ಕರು. "ಈ ವಾರದ ಕೆಲಸ ಕಿಚ್ಚು ಆರಿಸೋದಲ್ಲ. ತಲೆ ತಗ್ಗಿಸಿ, ಹೌದು, ಹಚ್ಚಿದ್ದು ನಾನೇ ಅನ್ನೋದು. ಅಷ್ಟು ಮಾಡಿ."

ಸಂಜೆಗೆ ಮುಂಚೆ ಜನ ಹಿಂದಿರುಗಿದರು. ಏರುದಾರಿಯಲ್ಲಿ ಯೋಮ್‌ತೋವ್ ಮುಂದೆ, ಜೋಯಾ ಹಿಂದೆ. ಜನ ಸ್ವಲ್ಪ ಚೆದುರಿದಾಗ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಗೆದಲ್ಯನ ಮನಸ್ಸು ಕೆಡಿಸಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ಒರತೆಗೆ ಹೋದದ್ದು, ಕದ್ದು ಕೇಳಿದ್ದು, ಗಿಣ್ಣು ಕೊಟ್ಟದ್ದು, ಆಡಿದ ಸುಳ್ಳು, ಎಲ್ಲ ಹೇಳಿದಳು. "ಅವನು ಊರು ಬಿಡ್ತಿದ್ದಾನೆ. ನನಗೆ ಹೊಟ್ಟೆ ಉರೀತಿತ್ತು. ನನಗೆ ಕೊಡದೆ ಇರೋದನ್ನ ಅವನಿಗೆ ಕೊಟ್ರಿ."

ಯೋಮ್‌ತೋವ್ ಕೈ ಎತ್ತಿದ. ಹೊಡೆಯುತ್ತಾನೆ ಎಂದುಕೊಂಡಳು. ಅವನು ಆ ಕೈಯಿಂದ ತನ್ನ ಮುಖವನ್ನೇ ಮುಚ್ಚಿಕೊಂಡ. ಆಮೇಲೆ, "ನಡಿ," ಎಂದ. "ನನಗೆ ಹೇಳಿದ್ದನ್ನ ಅವನಿಗೆ ಹೇಳು."

ವಿದಾ ಅತ್ತೆಯ ಮನೆಯಲ್ಲಿ ಗೆದಲ್ಯ ಗಂಟು ಕಟ್ಟುತ್ತಿದ್ದ. ಜೋಯಾ ಹೊಸ್ತಿಲ ಹೊರಗೆ ನಿಂತೇ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ನಡುವೆ ಮಾತು ಸಿಕ್ಕಿಕೊಂಡು ಅವಳೇ ತೊದಲಿದಳು. ಗೆದಲ್ಯ ಯೋಮ್‌ತೋವನನ್ನು ನೋಡಿದ.

"ನೀ-ನೀವು ಹೇಳಿರಲಿಲ್ವಾ?"

"ಸತ್ತರೂ ಹೇಳ್ತಿರಲಿಲ್ಲ."

ಇಬ್ಬರೂ ತಬ್ಬಿಕೊಂಡರು. ಗೆದಲ್ಯ ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಜೋಯಾಳ ಕಡೆ ತಿರುಗಿದ. "ಅತ್ತಿಗೆ, ನಿಮ್ಮನ್ನ ಕ್ಷ-ಕ್ಷಮಿಸಿದೀನಿ ಅಂತ ಹೇಳಬಹುದು. ಸುಳ್ಳಾಗುತ್ತೆ. ಕ್ಷಮಿಸೋಕೆ ಪ್ರಯತ್ನ ಮಾಡ್ತೀನಿ. ಅಲ್ಲೀವರೆಗೆ ಈ ಓಣೀಲಿ ನಿಮ್ಮ ಮುಖ ನೋ-ನೋಡ್ಕೊಂಡು ಇರೋಕಾಗಲ್ಲ."

ಮಾರನೆಯ ಬೆಳಿಗ್ಗೆ ಅವನು ಹೊರಟೇ ಹೋದ. ಯೋಮ್‌ತೋವ್ ಊರ ಬಾಗಿಲಿನವರೆಗೆ ಅವನ ಗಂಟು ಹೊತ್ತು ಹೋದ.

ಆಮೇಲೆ ಆ ಮನೆಯಲ್ಲಿ ಮಾತೇ ಸತ್ತಿತು. ಯೋಮ್‌ತೋವ್ ಬಾನಿಯ ಪಕ್ಕದಲ್ಲೇ ಉಂಡ, ಅಲ್ಲೇ ಮಲಗಿದ. ಜೋಯಾ ಕರೆಯಲಿಲ್ಲ. ಕರೆಯುವ ಹಕ್ಕು ತನಗಿಲ್ಲ ಅನ್ನಿಸಿತ್ತು. ಬೆಸೆಯುವ ವಾರ ಬಂದಾಗ ಗುರು ಷೆಮಾಯ ಯೋಮ್‌ತೋವನನ್ನು ಕರೆದು, "ನಿನಗೆ ಬೇರೆ ಜೊತೆಗಾರನ್ನ ಕೊಡ್ಲಾ?" ಎಂದರಂತೆ. "ಬೇಡ ಗುರುಗಳೇ. ಹೇಳಬೇಕಾದವರಿಗೇ ಹೇಳ್ತೀನಿ," ಎಂದನಂತೆ.

ಅಂದು ಸಂಜೆ ದಿನ ಎಣಿಸಿ ಬಂದವನು ಒಲೆಯ ಮುಂದೆ ಕೂತಿದ್ದ ಜೋಯಾಳ ಎದುರು ಕುಕ್ಕರಗಾಲಲ್ಲಿ ಕೂತ.

"ಅವನ ಹತ್ರ ಏನು ಹೇಳ್ತಿದ್ದೆ ಅಂತ ಕೇಳಿದ್ಯಲ್ಲ. ಬರ್ಜಿಲಾಯ್ ವಿಷಯ ಹೇಳ್ತಿದ್ದೆ."

"ಬರ್ಜಿಲಾಯ್?"

"ಮದುವೆ ದಿನದಿಂದ ಅವನು ಈ ಮನೇಲಿ ನನಗಿಂತ ಎತ್ತರವಾಗಿ ನಿಂತಿದ್ದಾನೆ. ನೀನು ಅವನ ಹೆಸರು ಎತ್ತಿದಾಗೆಲ್ಲ ನನ್ನ ಬಾಯಿ ಇನ್ನಷ್ಟು ಕಟ್ಟಿಹೋಗುತ್ತೆ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡಸು ನಾನು. ನಾಚಿಕೆ ಆಗ್ತಿತ್ತು. ಅದಕ್ಕೇ ಅತ್ತದ್ದು."

ಜೋಯಾಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಅವನು ಮಾತಾಡ್ತಿದ್ದ, ನಿಜ. ಸಂತೇಲೂ ಮಾತಾಡ್ತಿದ್ದ, ಹಜಾಮನ ಹತ್ರಾನೂ ಮಾತಾಡ್ತಿದ್ದ. ನಾನು ಏನಂದೆ ಅಂತ ಒಂದು ದಿನ ಕೇಳಿದವನಲ್ಲ. ನಿಮ್ಮನ್ನ ಚುಚ್ಚೋಕೆ ಅವನ ಹೆಸರು ಹಿಡ್ಕೊಂಡಿದ್ದೆ. ಕೈಗೆ ಸಿಕ್ಕಿದ ಕೋಲು ಅದೊಂದೇ."

"ಚೆನ್ನಾಗಿ ಹೊಡೆದೆ," ಎಂದ ಯೋಮ್‌ತೋವ್.

ಅಂದಿನಿಂದ ಅವರು ಸಂಜೆಯ ಹೊತ್ತು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಸುಲಭವಾಗಿರಲಿಲ್ಲ. ಕೆಲವು ದಿನ ಜಗಳವಾಗಿ ನಿಲ್ಲುತ್ತಿತ್ತು. ಹುಟ್ಟದ ಮಕ್ಕಳ ಮಾತು ಬಂದ ದಿನ ಇಬ್ಬರೂ ಉಣ್ಣಲಿಲ್ಲ. ಹೆಂಗಸನ್ನು ಜೊತೆಗಾರಳಾಗಿ ಮಾಡಿಕೊಂಡಿದ್ದಾನೆ ಎಂದು ಕೂಟದ ಇಬ್ಬರು ಗೊಣಗಿದರಂತೆ. ಗುರುಗಳು ಕಿವಿ ಕೇಳದವರಂತೆ ಇದ್ದುಬಿಟ್ಟರಂತೆ.

ವಾರಗಳ ಹಬ್ಬ ಕಳೆದ ಮೇಲೆ ದಮಸ್ಕದಿಂದ ಹೇಸರಗತ್ತೆಯವನೊಬ್ಬ ಬಂದ. ಗೆದಲ್ಯನಿಗೆ ಅಲ್ಲಿ ಕೆಲಸ ಹತ್ತಿದೆ, ಊಟ ಮಾಡುತ್ತಿದ್ದಾನೆ, ಯೋಮ್‌ತೋವ್ ಅಣ್ಣನಿಗೆ ನಮಸ್ಕಾರ ಹೇಳಿದ್ದಾನೆ ಎಂದ. ಜೋಯಾ ಬಾಗಿಲಲ್ಲಿ ನಿಂತು ಕಾದಳು. ಅವಳಿಗೆ ಎಂದು ಒಂದು ಮಾತೂ ಇರಲಿಲ್ಲ. ಯೋಮ್‌ತೋವನ ಮುಖ ಹಬ್ಬದ ದೀಪದ ಹಾಗೆ ಬೆಳಗಿತ್ತು. "ಚಳಿಗಾಲದೊಳಗೆ ಒಂದು ಸಲ ಹೋಗಿ ಅವನನ್ನ ನೋಡ್ಕೊಂಡು ಬರ್ತೀನಿ," ಎಂದ.

ಅವಳ ಎದೆಯಲ್ಲಿ ಹಳೆಯ ಮುಳ್ಳು ಆಡಿತು.

"ನನಗೆ ಈಗಲೂ ಹೊಟ್ಟೆ ಉರೀತಿದೆ," ಎಂದಳು.

"ಎಷ್ಟು?"

"ಬೇಕಾದಷ್ಟು."

"ಸರಿ," ಎಂದು ಅವನು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. "ಕೂತ್ಕೊ. ಹೇಳು."