ಭಾರವಿಲ್ಲದ ಟಾರ್ಚು

ಗಿರಾಕಿ ಟಾರ್ಚನ್ನು ಉರಿಸಿ ನೋಡುವುದಿಲ್ಲ, ಕೈಯಲ್ಲಿ ಹಿಡಿದು ತೂಗಿ ನೋಡುತ್ತಾನೆ. ಹಾಡಹಗಲಲ್ಲಿ ಬೆಳಕು ಹೇಗೂ ಗೊತ್ತಾಗುವುದಿಲ್ಲ, ಭಾರ ಗೊತ್ತಾಗುತ್ತದೆ. ಬದನೆಕಾಯಿ ಭಾರವಿದ್ದರೆ ಒಳಗೆ ಬರೀ ಬೀಜ ಎಂದು ಬುಟ್ಟಿಗೆ ವಾಪಸು ಹಾಕುವ ಜಾಣರೇ, ಟಾರ್ಚು ಭಾರವಿದ್ದರೆ ಗಟ್ಟಿ ಮಾಲು ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಗಿಡ್ಡಕ್ಕನ ಟಾರ್ಚು ಹಗುರ. ಅದಕ್ಕೇ ಅದು ಹೋಗುತ್ತಿರಲಿಲ್ಲ.

ಹಳೆಯ ಬಾಗಿಲೊಂದನ್ನು ಇಟ್ಟಿಗೆ ಮೇಲಿಟ್ಟು, ಅದನ್ನೇ ಮೇಜು ಮಾಡಿಕೊಂಡು, ತಗಡಿನ ಶೆಡ್ಡಿನಲ್ಲಿ ಅವಳೂ ಅವಳ ನಾದಿನಿಯೂ ಟಾರ್ಚು ಜೋಡಿಸುತ್ತಿದ್ದರು. ಮಾರ್ಕಿಗೆ ‘ಮಿಂಚುಹುಳ’ ಎಂದು ಹೆಸರಿಟ್ಟವಳು ನಾದಿನಿ.

“ಹುಳ ಅಂದ್ರೆ ಯಾರಮ್ಮಾ ತಗೋತಾರೆ?” ಎಂದು ಅಂಗಡಿ ಯಜಮಾನ ಮೊದಲ ದಿನವೇ ನಕ್ಕಿದ್ದ.

ಅವನ ಅಂಗಡಿಯಲ್ಲಿ ಕಣ್ಣೆತ್ತರದ ಹಲಗೆಯೆಲ್ಲ ‘ಮೂರು ಸೂರ್ಯ’ ಮಾರ್ಕಿನ ಟಾರ್ಚುಗಳದು. ಆಕಾಶಕ್ಕೇ ಒಂದು ಸೂರ್ಯ ಸಾಕಾಗಿರುವಾಗ ಆ ಕಂಪನಿಗೆ ಮೂರು ಬೇಕಿತ್ತು. ಅಂಗಡಿಯ ಬೋರ್ಡು ಬರೆಸಿಕೊಟ್ಟವರೂ ಅವರೇ. ಮಿಂಚುಹುಳಕ್ಕೆ ಸಿಕ್ಕಿದ್ದು ಕೆಳಗೆ, ಇಲಿ ಪಾಷಾಣದ ಪಕ್ಕದ ಜಾಗ. ಆದರೆ ಹಿಂದಿನ ಕತ್ತಲೆ ಕೋಣೆಯಲ್ಲಿ ಮೊಳೆ ಡಬ್ಬ ಹುಡುಕುವಾಗ ಯಜಮಾನ ಹಿಡಿಯುತ್ತಿದ್ದುದು ಮಿಂಚುಹುಳವನ್ನೇ. ಕೈ ನೋಯುವುದಿಲ್ಲವಂತೆ! ಗಿರಾಕಿ ಬಂದರೆ ಮಾತ್ರ ಅವನ ಕೈ ತಾನಾಗಿ ಮೇಲಿನ ಹಲಗೆಗೆ ಹೋಗುತ್ತಿತ್ತು.

ಮೂರು ಸೂರ್ಯ ಯಾಕೆ ಭಾರ ಎನ್ನುವುದು ಗಿಡ್ಡಕ್ಕನಿಗೆ ಚೆನ್ನಾಗಿ ಗೊತ್ತು. ಅದರ ಹಿಂದಿನ ಮುಚ್ಚಳದೊಳಗೆ ಒಂದು ಕಬ್ಬಿಣದ ಬಿಲ್ಲೆ ಇರುತ್ತದೆ. ಅದು ಬೆಳಕಿಗೂ ಅಲ್ಲ, ಸೆಲ್ಲಿಗೂ ಅಲ್ಲ, ಬರೀ ತೂಕಕ್ಕೆ. ಕಂಪನಿಯಲ್ಲಿ ಆ ಬಿಲ್ಲೆಯನ್ನು ಕೈ ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವುದೇ ಅವಳ ಕೆಲಸವಾಗಿತ್ತು. ಬಿಲ್ಲೆ ಜಾರದಂತೆ ಎಡಗೈ ಹೆಬ್ಬೆರಳಿನಿಂದ ಹಿಡಿಯಬೇಕು, ಬಲಗೈಯಿಂದ ಪ್ರೆಸ್ಸಿನ ಹಿಡಿ ಎಳೆಯಬೇಕು. ಒಂದು ದಿನ ಬಿಲ್ಲೆಯ ಜತೆ ಬೆರಳೂ ಒಳಗೆ ಹೋಯಿತು. ಈಗ ಆ ಹೆಬ್ಬೆರಳಿಗೆ ತುದಿಯಿಲ್ಲ.

“ನಿನ್ನ ಅಜಾಗರೂಕತೆ,” ಎಂದು ಕಂಪನಿ ಅವಳನ್ನು ಮನೆಗೆ ಕಳಿಸಿತು. ನಾದಿನಿ ಅವತ್ತೇ ಕೆಲಸ ಬಿಟ್ಟು ಹಿಂದೆಯೇ ಬಂದಳು. ನಮ್ಮ ಟಾರ್ಚಿಗೆ ಬಿಲ್ಲೆ ಬೇಡ, ಅತ್ತಿಗೆ ನಾದಿನಿ ಕೂತು ಮಾಡಿದ ತೀರ್ಮಾನ ಅದೊಂದೇ.

“ತೀರ್ಮಾನ ತಿಂದು ಬದುಕ್ತೀಯೇನಮ್ಮಾ?” ಎಂದ ಯಜಮಾನ ಒಂದು ದಿನ. “ನೋಡು, ನಾನು ಕೆಟ್ಟವನಲ್ಲ. ಒಂದು ಬಿಲ್ಲೆ ಜಡಿದು ತಾ, ಕಣ್ಣೆತ್ತರಕ್ಕೆ ಏರಿಸ್ತೀನಿ. ಇಲ್ಲಾಂದ್ರೆ ನಾಳೆ ನಿನ್ನ ಹುಳಗಳನ್ನೆಲ್ಲ ಎತ್ತಿಕೊಂಡು ಹೋಗು.”

ಮಿಂಚುಹುಳ ಇಡುತ್ತಿದ್ದ ಅಂಗಡಿ ಅದೊಂದೇ. ಅದೂ ಹೋದರೆ ನಾದಿನಿ ಮತ್ತೆ ಕಂಪನಿಯ ಮೆಟ್ಟಿಲು ಹತ್ತಬೇಕು. ಒಂದು ಜಾಗ ಖಾಲಿಯಿದೆ ಎಂದು ಅಲ್ಲಿಯ ಮೇಸ್ತ್ರಿ ಹೇಳಿಯೂ ಕಳಿಸಿದ್ದ. ಖಾಲಿ ಇದ್ದದ್ದು ಗಿಡ್ಡಕ್ಕನ ಜಾಗ.

“ಹಾಕೋಣ ಅತ್ತಿಗೆ,” ಎಂದಳು ನಾದಿನಿ. ಗುಜರಿಯವನಿಂದ ಕೈ ಪ್ರೆಸ್ಸನ್ನು ಎರವಲು ಪಡೆದು, ಒಂದು ಚೀಲ ಬಿಲ್ಲೆಯನ್ನು ಕೊಂಡು ತಂದೇಬಿಟ್ಟಿದ್ದಳು. “ನಾನು ಹುಷಾರಾಗಿ ಒತ್ತೀನಿ.”

“ನಾನೇನು ನಿದ್ದೆ ಮಾಡ್ತಾ ಒತ್ತಿದ್ನೇನೇ?”

ನಾದಿನಿ ಮುಚ್ಚಳವಿಟ್ಟಳು, ಬಿಲ್ಲೆಯಿಟ್ಟಳು, ಎಡಗೈ ಹೆಬ್ಬೆರಳಿನಿಂದ ಹಿಡಿದಳು. ಗಿಡ್ಡಕ್ಕ ತಟ್ಟನೆ ಅವಳ ಕೈ ಹಿಡಿದೆಳೆದಳು.

“ಬೇಡ ಬಿಡೇ.”

“ಹಾಗಾದ್ರೆ ಕಂಪನಿಗೇ ಹೋಗ್ಲಾ? ಅಲ್ಲೂ ಇದೇ ಪ್ರೆಸ್ಸು.”

ಅತ್ತ ದರಿ, ಇತ್ತ ಪುಲಿ. ಗಿಡ್ಡಕ್ಕ ಪ್ರೆಸ್ಸನ್ನು ಮೂಲೆಗೆ ಸರಿಸಿದಳು. ಮಾರನೆಯ ಬೆಳಿಗ್ಗೆ ಬಿಲ್ಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಹೊರಟಳು.

ಅಂಗಡಿಯಲ್ಲಿ ಕಂಪನಿಯ ಗೇಟು ಕಾಯುವವನು ನಿಂತಿದ್ದ. ದಿನಾ ಸಂಜೆ ಕೆಲಸದವರ ಚೀಲ ತಡಕಿ, ಕದ್ದ ಮಾಲೇನಾದರೂ ಇದೆಯೇ ಎಂದು ನೋಡಿ ಹೊರಗೆ ಬಿಡುವವನು. ಗಿಡ್ಡಕ್ಕನ ಬುತ್ತಿ ಡಬ್ಬವನ್ನೂ ಎಷ್ಟೋ ಸಲ ಬಿಚ್ಚಿ ಮೂಸಿದವನು. ಮೂರು ಸೂರ್ಯದ ಟಾರ್ಚೊಂದನ್ನು ಅಂಗೈಯಲ್ಲಿ ಕುಲುಕುತ್ತಿದ್ದ.

“ಗಟ್ಟಿ ಮಾಲು,” ಎಂದ.

“ಏನಣ್ಣಾ, ಟಾರ್ಚಿನ ಕಂಪನಿ ಕಾಯೋನಿಗೆ ಕಂಪನಿಯೋರು ಒಂದು ಟಾರ್ಚು ಕೊಡಲ್ವಾ?” ಎಂದಳು ಗಿಡ್ಡಕ್ಕ.

ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. “ಕೊಳ್ಳೋಕೆ ಹೇಳಿದಾರೆ.”

“ಹಳೇದು ಇದೆಯಾ? ಕೊಡು ಇಲ್ಲಿ.”

ಕೆಟ್ಟುಹೋದ ಟಾರ್ಚನ್ನು, ಅದೂ ಮೂರು ಸೂರ್ಯದ್ದೇ, ಅವನು ಸೊಂಟದಿಂದ ತೆಗೆದುಕೊಟ್ಟ. ಅವಳು ಹಿಂದಿನ ಮುಚ್ಚಳ ತಿರುಗಿಸಿ, ಕಟ್ಟೆಯ ಕಲ್ಲಿಗೆ ಅಂಚನ್ನು ಜೋರಾಗಿ ಕುಟ್ಟಿದಳು. ಬಿಲ್ಲೆ ಠಣ್ಣೆಂದು ಬಿದ್ದು, ಉರುಳಿಕೊಂಡು ಹೋಗಿ ಯಜಮಾನನ ಮುಂದೆ ಮಲಗಿತು.

“ಏ, ಏನೇ ಮಾಡ್ತಿದೀಯ!” ಎಂದು ಯಜಮಾನ ಎದ್ದ.

“ನಿಮ್ಮ ಗಟ್ಟಿ ಮಾಲು, ಯಜಮಾನ್ರೇ.”

ಕಾವಲಿನವನು ಬಿಲ್ಲೆಯನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇದು ಯಾತಕ್ಕೆ?”

“ನಿನ್ನ ಕೈಗೆ ಗಟ್ಟಿ ಅನ್ನಿಸೋಕೆ.”

“ಅಷ್ಟೇನಾ?”

“ಅಷ್ಟೇ,” ಎಂದು ಗಿಡ್ಡಕ್ಕ ಎಡಗೈಯನ್ನು ಅವನ ಮುಂದೆ ಹಿಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವನು ಆ ಬೆರಳನ್ನು ನೋಡಿದ, ಬಿಲ್ಲೆಯನ್ನು ನೋಡಿದ. ಎಷ್ಟೋ ವರ್ಷ ಇವಳ ಚೀಲ ನೋಡಿದ್ದ, ಕೈ ನೋಡಿರಲಿಲ್ಲ.

“ನನ್ನ ಅಂಗಡೀಲಿ ಇದೆಲ್ಲ ನಡಿಯಲ್ಲ, ಆಚೆ ನಡಿ!” ಯಜಮಾನ ಮಿಂಚುಹುಳದ ಡಬ್ಬವನ್ನು ಮೆಟ್ಟಿಲ ಮೇಲೆ ಕುಕ್ಕಿದ. ಸಿಟ್ಟಿನಲ್ಲಿ ತಾನು ಬಳಸುತ್ತಿದ್ದುದನ್ನು ಮಾತ್ರ ವಾಪಸು ಕೊಡಲು ಮರೆತ.

ಗಿಡ್ಡಕ್ಕ ಡಬ್ಬದ ಪಕ್ಕದಲ್ಲೇ ಚೀಲ ಸುರಿದು ಕೂಗಿದಳು: “ಭಾರ ಬೇಕಾದೋರಿಗೆ ಕಬ್ಬಿಣ ಬಿಟ್ಟಿ! ಬೆಳಕು ಬೇಕಾದೋರು ಟಾರ್ಚು ತಗೊಳ್ಳಿ!”

ಜನ ನಿಂತರು, ನಕ್ಕರು. ಒಬ್ಬ ಬಿಟ್ಟಿ ಎಂದು ಬಿಲ್ಲೆಯನ್ನೇ ಎತ್ತಿಕೊಂಡು ಹೋದ! ಕಾವಲಿನವನು ಒಂದು ಮಿಂಚುಹುಳ ಕೊಂಡ, ತನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ.

ಅವತ್ತು ಸಂಜೆ ಗಿಡ್ಡಕ್ಕ ನಾದಿನಿಯನ್ನೂ ಕರೆದುಕೊಂಡು ಡಬ್ಬದ ಸಮೇತ ಕಂಪನಿಯ ಗೇಟಿನೆದುರು ಕೂತಳು. ಶಿಫ್ಟು ಬಿಟ್ಟಿತು. ಹೆಂಗಸರು ಎಂದಿನಂತೆ ಚೀಲ ಬಿಚ್ಚಿ ಹಿಡಿದು ಸಾಲಾಗಿ ಬಂದರು.

“ಚೀಲ ಬೇಡ ತಾಯಿ, ಕೈ ತೋರ್ಸಿ,” ಎಂದ ಕಾವಲಿನವನು.

ಮೊದಲಿನವಳು ಬೆಪ್ಪಾಗಿ ಕೈ ಚಾಚಿದಳು. ಅವನು ಮಿಂಚುಹುಳ ಉರಿಸಿ ನೋಡಿದ. ಹೆಬ್ಬೆರಳಿನ ಉಗುರು ಇರಲಿಲ್ಲ. “ನೀವು ಇತ್ತ ನಿಲ್ಲಿ,” ಎಂದ. ಎರಡನೆಯವಳ ಬೆರಳು ಸೊಟ್ಟಗಿತ್ತು. “ನೀವೂ ಇತ್ತ ಬನ್ನಿ.” ಹಿಂದಿನವರು ಕೇಳುವ ಮೊದಲೇ ಕೈ ಮುಂದೆ ಮಾಡತೊಡಗಿದರು. ಒಬ್ಬರ ಕೈ ಒಬ್ಬರು ಆವತ್ತೇ ಮೊದಲ ಸಲ ನೋಡಿದ ಹಾಗೆ ನೋಡುತ್ತಿದ್ದರು. ಮನೆಗೆ ಹೋಗಲು ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ.

ಒಳಗಿನಿಂದ ಮೇಸ್ತ್ರಿ ಓಡಿಬಂದ. “ಏನಯ್ಯಾ ಇದು ಸಂತೆ? ಯಾಕೆ ಬಿಡ್ತಿಲ್ಲ?”

“ತಪಾಸಣೆ ಸ್ವಾಮಿ. ಕಳ್ಳತನ ಆಗಿದೆ.”

“ಕಳ್ಳತನವೇ! ಏನು ಹೋಗಿದೆ?”

ಕಾವಲಿನವನು ಟಾರ್ಚಿನ ಬೆಳಕನ್ನು ಸಾಲಾಗಿ ಚಾಚಿದ ಕೈಗಳ ಮೇಲೆ ಮೆಲ್ಲಗೆ ಹರಿಸಿದ.

“ಬೆರಳು, ಸ್ವಾಮಿ.”